ಆಲಿಸ್ ಕಥೆ ಕೇಳೋಕೆ ದುಡ್ಡಿನ ಆ್ಯಪ್ಪಾ, ಲಿಬ್ರಿವಾಕ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಸ್ತಕಗಳ ಓದನ್ನು ಪುಕ್ಕಟೆ ಕೇಳಿಸುವ ಜಾಲತಾಣ ಲಿಬ್ರಿವಾಕ್ಸ್‌ಗೆ. ದುಡ್ಡು ಕೊಟ್ಟು ಕಥೆ ಕೇಳಿಸುವ ಆ್ಯಪ್ ಒಂದನ್ನು ಹಾಕಿಕೊಂಡು ಎರಡು ತಿಂಗಳು ಒದ್ದಾಡಿದ ಮೇಲೆ ಹೇಳುತ್ತಿರುವ ಮಾತಿದು.

ತಿಂಗಳಲ್ಲಿ ಎರಡು ಭಾನುವಾರ ನಾನು, ಐದನೇ ಕ್ಲಾಸಿನ ಮಗಳು ಮೈಸೂರಿಂದ ಮಂಡ್ಯಕ್ಕೆ ಅವ್ವನ ಮನೆಗೆ ರೈಲಲ್ಲಿ ಹೋಗುತ್ತೇವೆ. ಒಂದೇ ಇಯರ್‌ಫೋನ್. ಒಂದು ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಕೇಳಲು ಆರಿಸಿಕೊಂಡದ್ದು ಲೂಯಿಸ್ ಕ್ಯಾರಲ್ ಇಂಗ್ಲಿಷಲ್ಲಿ ಬರೆದ ಆಲಿಸ್ ಕಥೆ, ಮೊಲದ ಹಿಂದೆ ಓಡಿ ಬಿಲಕ್ಕಿಳಿದ ಹುಡುಗಿಯದು. 1862ರ ಜುಲೈನಲ್ಲಿ ದೋಣಿಯಲ್ಲಿ ಹೋಗುತ್ತಾ ಮೂವರು ಹುಡುಗಿಯರಿಗೆ ಬಾಯಲ್ಲಿ ಹೇಳಿದ್ದು, 1865ರಲ್ಲಿ ಪುಸ್ತಕವಾಯಿತು. ದಾರಿಯಲ್ಲಿ ಹುಟ್ಟಿದ ಕಥೆಯನ್ನು ದಾರಿಯಲ್ಲೇ ಕೇಳೋಣ ಅಂತ ನನ್ನ ಆಸೆ.

ಆ್ಯಪ್‌ಗೆ ತಿಂಗಳಿಗೆ 199 ರೂಪಾಯಿ. ಒಂದೊಂದು ಪಾತ್ರಕ್ಕೆ ಒಂದೊಂದು ದನಿ, ಹಿಂದೆ ಸಂಗೀತ. ಮನೆಯಲ್ಲಿ ಕೇಳಿದಾಗ ಚೆನ್ನಾಗಿಯೇ ಇತ್ತು. ಕಥೆಯನ್ನು ಮೊಟಕು ಮಾಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ತೊಂದರೆ ಶುರುವಾದದ್ದು ರೈಲಲ್ಲಿ. ಇಡೀ ಕಥೆ ಒಂದೇ ಉದ್ದನೆಯ ಫೈಲು, ಅಧ್ಯಾಯಗಳೇ ಇಲ್ಲ. ನಡುವೆ ಫೋನ್ ಬಂತೋ, ನಿಂತ ಜಾಗ ಮರೆತು ಮತ್ತೆ ಮೊದಲಿಂದ ಶುರು. ಶ್ರೀರಂಗಪಟ್ಟಣದ ಹೊಳೆ ದಾಟುವ ಹೊತ್ತಿಗೆ ಅವ್ವನ ಫೋನ್ ಬರಲೇಬೇಕು. "ಎಲ್ಲಿಗ್ ಬಂದ್ರವ್ವಾ? ಮುದ್ದೆಗೆ ಎಸರಿಡ್ಲಾ?" ಯಲಿಯೂರಲ್ಲಿ ಇನ್ನೊಂದು ಸಲ. ಅವ್ವನಿಗೆ ಫೋನ್ ಮಾಡಬೇಡ ಅನ್ನೋಕಾಗುತ್ತಾ?

ಮೊದಲ ದಿನ ಬೆಕ್ಕು ಮಾಯವಾಗಿ ಬರೀ ನಗು ಉಳಿಯುವ ಜಾಗಕ್ಕೆ ಬಂದಿದ್ದೆವು. ಮಗಳು ನನ್ನ ತೋಳು ಹಿಡಿದುಕೊಂಡು ಕೇಳುತ್ತಿದ್ದಳು. ಅಷ್ಟರಲ್ಲಿ ಫೋನ್. ಮಾತು ಮುಗಿಸಿ ಒತ್ತಿದರೆ, "ಅಮ್ಮಾ, ಮತ್ತೆ ಮೊಲ ಬಂತು" ಅಂದಳು. ಅವಳ ಮುಖ ಸಪ್ಪಗಾಯಿತು. ಹಿಂದಿನ ಜಾಗ ಹುಡುಕೋಣ ಅಂದರೆ ಆ ಸಣ್ಣ ಗೆರೆಯ ಮೇಲೆ ಹೆಬ್ಬೆರಳು ಕೂದಲೆಳೆಯಷ್ಟು ಸರಿದರೂ ಐದು ನಿಮಿಷ ಹಾರಿಹೋಗುತ್ತದೆ. ರೈಲು ಬೇರೆ ಅಲ್ಲಾಡುತ್ತಿರುತ್ತದೆ. ದೂರು ಬರೆದರೆ "ಆ್ಯಪ್ ತೆಗೆದು ಮತ್ತೆ ಹಾಕಿ" ಅಂತ ಉತ್ತರ. ಹಾಗೆ ಮಾಡಿದೆ. ಇಳಿಸಿಟ್ಟುಕೊಂಡಿದ್ದ ಫೈಲೂ ಹೋಯಿತು, ತೊಂದರೆ ಮಾತ್ರ ಹಾಗೇ ಉಳಿಯಿತು.

ಲಿಬ್ರಿವಾಕ್ಸ್ 2005ರಲ್ಲಿ ಶುರುವಾದದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಇಷ್ಟಪಟ್ಟವರು ಸಂಬಳವಿಲ್ಲದೆ ಓದಿ ಹಾಕುತ್ತಾರೆ. ಆಲಿಸ್‌ನ 12 ಅಧ್ಯಾಯಕ್ಕೆ 12 ಫೈಲು. ಮನೆಯಲ್ಲಿ ಇಳಿಸಿಕೊಂಡರೆ ಫೋನಿನ ಮಾಮೂಲಿ ಪ್ಲೇಯರಲ್ಲೇ ಓಡುತ್ತವೆ. ಜಾಗ ತಪ್ಪಿದರೂ ಆ ಅಧ್ಯಾಯದ ಮೊದಲಿಗೆ ಹೋದರಾಯಿತು. ಇದೇ ಪುಸ್ತಕದ ಓದು ಅಲ್ಲಿ ಹಲವಿವೆ, ಕೆಲವದರಲ್ಲಿ ಅಧ್ಯಾಯಕ್ಕೊಬ್ಬರು ಓದುತ್ತಾರೆ. ನಾನು ಒಬ್ಬರೇ ಪೂರ್ತಿ ಓದಿದ್ದನ್ನು ಆರಿಸಿಕೊಂಡೆ. ಸಂಗೀತ ಇಲ್ಲ, ನಾಟಕ ಇಲ್ಲ. ಆದರೆ ನಿಧಾನದ ಓದು. ಅರ್ಥವಾಗದ ಕಡೆ ನಿಲ್ಲಿಸಿ ಮಗಳಿಗೆ ಕನ್ನಡದಲ್ಲಿ ಹೇಳಬಹುದು. ನಮಗೆ ಬೇಕಾದದ್ದು ಇದೇ. ಪ್ರತಿ ಅಧ್ಯಾಯದ ಮೊದಲು ಬರುವ ಪ್ರಕಟಣೆ ಈಗ ಅವಳಿಗೆ ಬಾಯಿಪಾಠ.

ಯಾವ ಓದಿನಲ್ಲೂ ಸಿಗದ್ದು ಒಂದಿದೆ. ಮೂರನೇ ಅಧ್ಯಾಯದಲ್ಲಿ ಇಲಿ ತನ್ನ ಕಥೆ ಹೇಳುತ್ತದೆ. ಇಂಗ್ಲಿಷಲ್ಲಿ ಕಥೆಗೂ ಬಾಲಕ್ಕೂ ಒಂದೇ ಉಚ್ಚಾರಣೆ, ಟೇಲ್. ಹಾಗಾಗಿ ಆಲಿಸ್ ಬಾಲವನ್ನೇ ನೆನೆಯುತ್ತಾ ಕೇಳುತ್ತಾಳೆ. ಈ ತಮಾಷೆ ಕಿವಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಪುಸ್ತಕದಲ್ಲಿ ಆ ಸಾಲುಗಳು ಬಾಲದ ಹಾಗೆ ಬಳುಕುತ್ತಾ, ಅಕ್ಷರ ಸಣ್ಣದಾಗುತ್ತಾ ಇಳಿಯುತ್ತವೆ. ಅದನ್ನು ಕಣ್ಣಲ್ಲೇ ನೋಡಬೇಕು. ಪುಟ ತೆಗೆದು ತೋರಿಸಿದೆ. ಮಗಳು ಬೆರಳಿಟ್ಟು ತುದಿಯವರೆಗೂ ಇಳಿದಳು. ಅದಕ್ಕೇ ಪುಸ್ತಕವೂ ಬ್ಯಾಗಲ್ಲಿರಲಿ ಅನ್ನುತ್ತೇನೆ.

ಅವ್ವನ ಹತ್ತಿರ ಇದೇ ಕಥೆಯ ಕನ್ನಡ ರೂಪ, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಇದೆ. ಆಲಿಸ್‌ಳನ್ನು ಅವರು ಪಾಪಚ್ಚಿ ಮಾಡಿದ್ದಾರೆ. ಊಟ ಆದ ಮೇಲೆ ಅವ್ವ ಅದನ್ನು ಓದುತ್ತಾಳೆ. ಅದನ್ನು ಯಾವುದರ ಜೊತೆಗೂ ಹೋಲಿಸಲಾರೆ.

ಮನೆಯಲ್ಲಿ ಒಂದೇ ಸಲ ಕೂತು ಕೇಳುವವರಿಗೆ, ಫೋನ್ ಕಾಟ ಇಲ್ಲದವರಿಗೆ ಆ್ಯಪ್ ಸರಿಯೇ. ನಾನಂತೂ ನಿಲ್ಲಿಸಿದೆ. ಆ 199 ರೂಪಾಯಿ ರೈಲು ಟಿಕೆಟ್‌ಗಾಗುತ್ತದೆ. ಹೋದ ಭಾನುವಾರ ಏಳನೇ ಅಧ್ಯಾಯದ ಟೀ ಪಾರ್ಟಿ ಮುಗಿಯಿತು. ಮುಂದಿನ ಸಲ ಎಂಟನೇ ಅಧ್ಯಾಯ, ರಾಣಿಯ ಆಟದ ಬಯಲು.