ಅಂಟಿಸಿದ ಸ್ಟಿಫ್ನರ್ ಇರುವ ಬಾಗಿಲುಗಳನ್ನು ಕೇಳದೆ ಇಳಿಸಿಕೊಳ್ಳಬೇಡಿ

ಹೊರಗಿನ ಘಟಕಗಳಿಂದ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳನ್ನು ಮಾಡಿಸಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮಗೆ ಮಾಲು ಕೊಟ್ಟದ್ದು ಪೀಣ್ಯದ ಒಂದು ಘಟಕ. ಹೆಸರು ಬೇಡ, ನಡೆದದ್ದು ಗೊತ್ತಿದ್ದರೆ ಸಾಕು.

ಪಂಪ್ ಪ್ಯಾನೆಲ್‌ಗಳ ಬಾಗಿಲಿಗೆ ನಾವು 1.6 ಮಿಲಿಮೀಟರ್ ಸಿಆರ್‌ಸಿಎ ಶೀಟ್ (ತಣ್ಣಗೆ ಉರುಳಿಸಿ ತೆಳುವಾಗಿಸಿದ ಉಕ್ಕಿನ ಹಾಳೆ) ಬಳಸುತ್ತೇವೆ. ಬಾಗಿಲು ಅದುರದಿರಲೆಂದು ಹಿಂಬದಿಗೆ 1.2 ಮಿಲಿಮೀಟರ್‌ನ ಸ್ಟಿಫ್ನರ್, ಅಂದರೆ ಬಿಗಿ ಕೊಡುವ ಲೋಹದ ಪಟ್ಟಿ, ಇರುತ್ತದೆ. ಮೊದಲಿನಿಂದಲೂ ಎರಡನ್ನೂ ಸೇರಿಸುತ್ತಿದ್ದದ್ದು ಕ್ಲಿಂಚಿಂಗ್‌ನಿಂದ. ಎರಡು ಶೀಟ್‌ಗಳನ್ನು ಒಂದರ ಮೇಲೊಂದಿಟ್ಟು ಪಂಚ್‌ನಿಂದ ಡೈ ಎಂಬ ಅಚ್ಚಿನೊಳಗೆ ಒತ್ತಿದರೆ, ಮೇಲಿನ ಲೋಹ ಕೆಳಗಿನದರೊಳಗೆ ಹರಡಿ ಕಚ್ಚಿಕೊಳ್ಳುತ್ತದೆ. ರಿವೆಟ್ ಬೇಡ, ತೂತು ಬೇಡ, ವೆಲ್ಡಿಂಗ್‌ನ ಬಿಸಿಯೂ ಇಲ್ಲ. ಒಂದೇ ಕೊರತೆಯೆಂದರೆ, ಬಾಗಿಲಿನ ಮುಖದ ಮೇಲೆ ಸಾಲಾಗಿ ಕುಳಿಗಳು ಕಾಣುತ್ತವೆ. ಗ್ರಾಹಕರು ಅದಕ್ಕೆ ಮೂಗು ಮುರಿಯುವುದುಂಟು.

ಈ ಸಲ ಬಂದ ಬಾಗಿಲುಗಳಲ್ಲಿ ಒಂದು ಕುಳಿಯೂ ಇರಲಿಲ್ಲ. ಡ್ರಾಯಿಂಗ್‌ನಲ್ಲಿ ಕ್ಲಿಂಚಿಂಗ್ ಎಂದೇ ಬರೆದಿತ್ತು. ಫೋನ್ ಮಾಡಿ ಕೇಳಿದಾಗ ಘಟಕದ ಮೇಲ್ವಿಚಾರಕರು ಹೆಮ್ಮೆಯಿಂದಲೇ ಹೇಳಿದರು: "ಈಗ ಎಪಾಕ್ಸಿ ಅಂಟು ಹಾಕುತ್ತಿದ್ದೇವೆ ಸಾರ್. ವಿಮಾನಕ್ಕೆ ಹಾಕುವಂಥದ್ದು. ಕ್ಲಿಂಚ್‌ಗಿಂತ ಗಟ್ಟಿ."

ರಾಯಚೂರು ಕಡೆಯ ಬಿಸಿಲಿನಲ್ಲಿ ನಿಂತ ಪ್ಯಾನೆಲ್‌ಗಳ ಸ್ಟಿಫ್ನರ್‌ಗಳು ತುದಿಯಿಂದ ಬಾಯಿಬಿಡತೊಡಗಿದವು. ಒಂದು ಬಾಗಿಲನ್ನು ವಾಪಸ್ ತರಿಸಿ, ಬಿಟ್ಟುಕೊಂಡ ತುದಿಯನ್ನು ಕೈಯಿಂದ ಎಳೆದೆವು. ಪೂರ್ತಿ ಪಟ್ಟಿ ಎದ್ದು ಬಂತು. ಅಂಟೆಲ್ಲ ಸ್ಟಿಫ್ನರ್ ಮೇಲೆಯೇ ಉಳಿದಿತ್ತು. ಬಾಗಿಲಿನ ಕಡೆ ಬರಿಯ ಲೋಹ ಹೊಳೆಯುತ್ತಿತ್ತು. ಈ ಗುರುತನ್ನು ನೆನಪಿಟ್ಟುಕೊಳ್ಳಿ. ಅಂಟೇ ಹರಿದು ಎರಡೂ ಕಡೆ ಉಳಿದಿದ್ದರೆ, ಅದು ಲೋಹವನ್ನು ಹಿಡಿದಿತ್ತು, ಭಾರ ತಾಳಲಿಲ್ಲ ಎಂದರ್ಥ. ಒಂದು ಕಡೆ ನುಣ್ಣಗೆ ಬಿಟ್ಟುಬಂದರೆ ಅದು ಲೋಹವನ್ನು ಹಿಡಿದೇ ಇರಲಿಲ್ಲ. ಸಿಆರ್‌ಸಿಎ ಶೀಟ್ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿಕೊಂಡೇ ಬರುತ್ತದೆ. ಅದನ್ನು ಅಸಿಟೋನ್‌ನಿಂದ ತೆಗೆದು, ಎಮರಿಯಿಂದ ಉಜ್ಜಿ, ಮತ್ತೆ ಒರೆಸಿ ಅಂಟು ಹಾಕಬೇಕು. ಇವರು ಕಾಟನ್ ವೇಸ್ಟ್‌ನಿಂದ ಒಮ್ಮೆ ಒರೆಸಿ ಮುಗಿಸಿದ್ದರೆಂದು ಆಮೇಲೆ ಅಲ್ಲಿಯ ಹುಡುಗರೇ ಹೇಳಿದರು.

ಅದಕ್ಕಿಂತ ದೊಡ್ಡ ಎಡವಟ್ಟು ಕೆಲಸದ ಕ್ರಮದಲ್ಲಿತ್ತು. ಅಂಟಿಸಿದ ಮೇಲೆ ಬಾಗಿಲು ಪೌಡರ್ ಕೋಟಿಂಗ್‌ಗೆ (ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಬೇಯಿಸುವುದಕ್ಕೆ) ಹೋಗಿದೆ. ಅಲ್ಲಿನ ಟ್ಯಾಂಕ್‌ಗಳಲ್ಲಿ ಕ್ಷಾರ, ಆಮ್ಲ, ಫಾಸ್ಫೇಟ್. ಆಮೇಲೆ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನ ಓವನ್. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿಗಳಲ್ಲಿ ಅನೇಕವು 50–70 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತವೆ. ಕ್ಲ್ಯಾಂಪ್ ಇಲ್ಲದೆ ಓವನ್‌ಗೆ ಹೋದ ಪಟ್ಟಿ ಅಲ್ಲಿಯೇ ಸಡಿಲಗೊಂಡಿರಬೇಕು. ಹಾಗೆಂದು ಕೋಟಿಂಗ್ ಆದಮೇಲೆ ಅಂಟಿಸಿದರೆ ಪಟ್ಟಿ ಹಿಡಿಯುವುದು ಬಣ್ಣವನ್ನು, ಲೋಹವನ್ನಲ್ಲ.

"ಡೇಟಾ ಶೀಟ್ ನೋಡಿ ಸಾರ್" ಎಂದು ವಾದಿಸಿದರು. ಅದರಲ್ಲಿ ಎದ್ದು ಕಾಣುವ ಅಂಕಿ, ಎರಡು ಶೀಟ್‌ಗಳನ್ನು ಒಂದರ ಮೇಲೊಂದು ಜಾರುವಂತೆ ಎಳೆದಾಗ ತಡೆಯುವ ಬಲದ್ದು. ಅದರಲ್ಲಿ ಅಂಟು ನಿಜಕ್ಕೂ ಗಟ್ಟಿ. ತುದಿಯಿಂದ ಸುಲಿಯುವಂತೆ ಎಳೆದರೆ ಅದೇ ಅಂಟು ಬಹಳ ದುರ್ಬಲ. ಬಾಗಿಲನ್ನು ದಿನವೂ ತೆಗೆದು ಬಡಿದು ಮುಚ್ಚುವಾಗ ಸ್ಟಿಫ್ನರ್‌ನ ತುದಿಗೆ ಬೀಳುವುದು ಇದೇ ಎರಡನೆಯ ಬಗೆಯ ಎಳೆತ.

ವಿಮಾನದ ಮಾತಿಗೂ ಒಂದು ಉತ್ತರವಿದೆ. 1988ರ ಏಪ್ರಿಲ್ 28ರಂದು ಹವಾಯಿಯ ಮೇಲೆ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಭಾಗ ಹಾರಾಟದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಸತ್ತರು. ಶೀಟ್ ಜೋಡಣೆಯ ಅಂಟು ಬಿಟ್ಟು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ತೂತುಗಳ ಬಳಿ ಬಿರುಕು ಬೆಳೆದಿತ್ತು. ವಿಮಾನದವರಿಗೂ ಅಂಟು ಸುಲಭವಾಗಿ ಒಲಿದದ್ದಲ್ಲ.

ಇನ್ನೊಂದು ಅಪಾಯ ನಮ್ಮ ಕ್ಷೇತ್ರದ್ದೇ: ಅರ್ತಿಂಗ್. ಎಪಾಕ್ಸಿ ವಿದ್ಯುತ್ ಹರಿಯಲು ಬಿಡುವುದಿಲ್ಲ. ವಿದ್ಯುತ್ ಪ್ಯಾನೆಲ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61439-1ರ ಪ್ರಕಾರ ಮುಟ್ಟಬಹುದಾದ ಲೋಹದ ಭಾಗಗಳಿಂದ ಅರ್ತ್ ಟರ್ಮಿನಲ್‌ಗೆ ರೋಧ 0.1 ಓಮ್ ಮೀರಬಾರದು. ಅಂಟಿನ ಮೇಲೆ ಕುಳಿತ ಪಟ್ಟಿಗೆ ಉಪಕರಣದ ಬ್ರ್ಯಾಕೆಟ್ ಜೋಡಿಸಿದರೆ ಅದಕ್ಕೆ ಅರ್ತ್ ಸಂಪರ್ಕವೇ ಇಲ್ಲದಿರಬಹುದು. ಬರಿಯ ಲೋಹವನ್ನು ಕ್ಲಿಂಚ್ ಮಾಡಿದರೆ ಲೋಹ ಲೋಹವನ್ನು ಮುಟ್ಟಿರುತ್ತದೆ, ಆದರೂ ಅಳೆದೇ ನೋಡಬೇಕು.

ಕ್ಲಿಂಚಿಂಗ್‌ಗೂ ಮಿತಿಗಳಿವೆ. ಎರಡೂ ಬದಿಯಿಂದ ಉಪಕರಣ ತಲುಪಬೇಕು. ಒಂದು ಬಿಂದುವಿನ ಬಲ ಸಾಮಾನ್ಯವಾಗಿ ಸ್ಪಾಟ್ ವೆಲ್ಡ್‌ಗಿಂತ ಕಡಿಮೆ. ಶೀಟ್‌ಗಳ ನಡುವಿನ ಸಂದಿಗೆ ನೀರು ಹೋಗಬಹುದು. ಅದಕ್ಕೇ ಕಾರಿನ ಬಾಡಿಗಳಲ್ಲಿ ಎರಡನ್ನೂ ಸೇರಿಸಿ ಬಳಸುವುದುಂಟು: ಅಂಟು ಗಟ್ಟಿಯಾಗುವವರೆಗೆ ಕ್ಲಿಂಚ್ ಹಿಡಿದಿರುತ್ತದೆ, ಸುಲಿತವನ್ನೂ ತಡೆಯುತ್ತದೆ. ಆದರೆ ಕ್ಲಿಂಚ್ ಸರಿಯಾಗಿ ಕೂತಿದೆಯೇ ಎಂಬುದನ್ನು ಬಿಂದುವಿನ ತಳದಲ್ಲಿ ಉಳಿದ ದಪ್ಪವನ್ನು ಅಳೆದು ತಿಳಿಯಬಹುದು. ದಪ್ಪ ಹೆಚ್ಚಿದ್ದರೆ ಕಚ್ಚಿಕೊಂಡಿಲ್ಲ, ತೀರ ಕಡಿಮೆಯಿದ್ದರೆ ಕುತ್ತಿಗೆ, ಅಂದರೆ ಕುಳಿಯ ಪಕ್ಕದ ತೆಳು ಗೋಡೆ, ಸೀಳಿರುತ್ತದೆ. ಅಂಟಿನ ಜೋಡಣೆಯನ್ನು ಹೊರಗಿನಿಂದ ನೋಡಿ ನಮ್ಮಂಥವರು ಏನನ್ನೂ ಹೇಳಲಾರೆವು.

ಘಟಕದವರು ಬಾಗಿಲುಗಳನ್ನು ಬದಲಿಸಿಕೊಡಲು ಒಪ್ಪಿದ್ದಾರೆ, ಸಾಗಣೆ ವೆಚ್ಚ ಮಾತ್ರ ನಮ್ಮದೇ ಅಂತೆ. ಆ ಜಗಳ ಮುಗಿದಿಲ್ಲ. ಕುಳಿಗಳಿಲ್ಲದ ಬಾಗಿಲು ನಿಮ್ಮಲ್ಲಿಗೂ ಬಂದರೆ, ಎಣ್ಣೆ ತೆಗೆದದ್ದು ಹೇಗೆ, ಅಂಟು ಹಾಕಿದ್ದು ಓವನ್‌ಗೆ ಮೊದಲೋ ಆಮೇಲೋ ಎಂದು ಕೇಳಿ. ಒಂದು ಬಾಗಿಲು ಹಾಳಾದರೂ ಸರಿ, ಅವರ ಎದುರಿಗೇ ಸ್ಟಿಫ್ನರ್‌ನ ತುದಿಗೆ ಉಳಿ ಹಾಕಿ ಎಬ್ಬಿಸಿ, ಅಂಟು ಯಾವ ಕಡೆ ಉಳಿದಿದೆ ಎಂದು ನೋಡಿದ ಮೇಲೆಯೇ ಚಲನ್‌ಗೆ ಸಹಿ ಹಾಕಿ.