ಗಾಲಿಕುರ್ಚಿಯಲ್ಲಿ ದ್ವೀಪಕ್ಕೆ: ಮಾಲ್ಡೀವ್ಸೋ ಅಂಡಮಾನೋ?

ಮೈಸೂರಿನಿಂದ ಹೊರಟರೆ ಎರಡಕ್ಕೂ ಬೆಂಗಳೂರೇ ದಾರಿ. ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಮೆಟ್ಟಿಲು ಎತ್ತರ. ಡಿಕ್ಕಿಯಲ್ಲಿ ಕುರ್ಚಿ ಹಿಡಿಸುವ ಕಾರೇ ವಾಸಿ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸುವುದಾದರೆ ಹೋಟೆಲಿನ ಶೌಚಾಲಯದ ಬಾಗಿಲು ಮೊದಲು ನೋಡಿ, ಕಾಫಿ ಆಮೇಲೆ.

ಮಾಲ್ಡೀವ್ಸ್‌ನಲ್ಲಿ ತೊಡಕು ಮಾಲೆಯಲ್ಲಿ ಇಳಿದ ಮೇಲೆ. ಅಲ್ಲಿಂದ ರೆಸಾರ್ಟ್ ದ್ವೀಪಕ್ಕೆ ಒಯ್ಯುವ, ನೀರಿನ ಮೇಲಿಳಿಯುವ ಸೀಪ್ಲೇನಿನ ಏಣಿ ಕಿರಿದು, ಒಳಗೆ ನಡುವಿನ ದಾರಿ ಇನ್ನೂ ಕಿರಿದು. ಸಿಬ್ಬಂದಿ ಎತ್ತಿಕೊಂಡೇ ಕೂರಿಸಬೇಕು. ಸ್ಪೀಡ್‌ಬೋಟ್‌ನಲ್ಲಿ ತಲುಪುವ ರೆಸಾರ್ಟ್ ಆರಿಸಿದರೆ ಎತ್ತುವುದು ತಪ್ಪದಿದ್ದರೂ ಕುರ್ಚಿ ಜೊತೆಯಲ್ಲೇ ಬರುತ್ತದೆ. ನೀರಿನ ಮೇಲಿನ ವಿಲ್ಲಾಕ್ಕೆ ಹಲಗೆ ಸೇತುವೆ ಇರುವುದರಿಂದ ಚಕ್ರ ಸಲೀಸಾಗಿ ಉರುಳುತ್ತದೆ, ಆದರೆ ಅಲ್ಲಿಂದ ಸಮುದ್ರಕ್ಕೆ ಏಣಿಯೊಂದೇ ದಾರಿ. ದಡದ ವಿಲ್ಲಾಗಳಿಗೆ ಮರಳು ಹಾದಿ. ಮುಂದಿನ ಚಿಕ್ಕ ಚಕ್ರ ಹೂತು ನಿಲ್ಲುತ್ತದೆ.

ಅಂಡಮಾನಿನಲ್ಲಿ ವೀಸಾ, ಭಾಷೆಯ ಗೋಜಿಲ್ಲ. ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ಸ್ವರಾಜ್ ದ್ವೀಪಕ್ಕೆ (ಹಿಂದಿನ ಹ್ಯಾವ್‌ಲಾಕ್) ಫೆರಿ ಸುಮಾರು ಎರಡು ಗಂಟೆ. ಭರತ ಇಳಿತಕ್ಕೆ ತಕ್ಕಂತೆ ಫೆರಿ ಹತ್ತುವ ಹಲಗೆ ಕಡಿದಾಗುತ್ತದೆ. ಅಲ್ಲಿನ ರಾಧಾನಗರ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಐಷಾರಾಮಿ ಕೋಣೆಗಳ ಆಯ್ಕೆ ಮಾತ್ರ ಕಡಿಮೆ.

ಎಲ್ಲಿಗೇ ಆಗಲಿ, 'ವೀಲ್‌ಚೇರ್ ಫ್ರೆಂಡ್ಲಿ' ಎಂಬ ಮಾತು ನಂಬಬೇಡಿ. ಸ್ನಾನಗೃಹದ ಬಾಗಿಲಿಗೆ ಟೇಪ್ ಹಿಡಿದು ಫೋಟೊ ಕಳಿಸಿ ಎನ್ನಿ: 80 ಸೆಂಟಿಮೀಟರ್ ಬೇಕು. ಏರ್‌ಲೈನ್‌ಗೆ 48 ಗಂಟೆ ಮೊದಲೇ ತಿಳಿಸಿ. ವಿದ್ಯುತ್ ಕುರ್ಚಿಯಾದರೆ, ಬಿಚ್ಚಿ ತೆಗೆಯುವ ಒಂಟಿ ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ಮಿತಿ 300 ವ್ಯಾಟ್-ಅವರ್. 24 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 240, ತೊಂದರೆಯಿಲ್ಲ. ಅದನ್ನು ಕೈಚೀಲದಲ್ಲೇ ಒಯ್ಯಬೇಕು.

ತೋಳಲ್ಲಿ ಬಲವಿದ್ದು, ಎತ್ತಲು ಒಬ್ಬರು ಜೊತೆಗಿದ್ದರೆ ಅಂಡಮಾನ್ ಸಾಕು. ಪೂರ್ತಿ ಎತ್ತಿಸಿಕೊಳ್ಳಬೇಕಾದವರಿಗೆ ಸ್ಪೀಡ್‌ಬೋಟ್‌ನಲ್ಲಿ ತಲುಪುವ ಮಾಲ್ಡೀವ್ಸ್ ರೆಸಾರ್ಟ್ ಮೇಲು.