ಮನೆ ಬ್ಯಾಕಪ್‌ಗೆ ನ್ಯಾಸ್, ಕ್ಲೌಡ್, ಹಾರ್ಡ್ ಡಿಸ್ಕ್: ಮೂರನ್ನೂ ಬಳಸಿ ನೋಡಿದ ಮೇಲೆ

ಮನೆಯವರೆಲ್ಲರ ಫೈಲ್ ಒಂದೇ ಕಡೆ ಕೂಡಿಡುವ ನಮ್ಮ ನ್ಯಾಸ್ ಪೆಟ್ಟಿಗೆಯನ್ನು ಮಾರಿಬಿಟ್ಟೆ. ಈಗ ಬ್ಯಾಕಪ್ ನಡೆಯುತ್ತಿರುವುದು ಅಂಗೈ ಅಗಲದ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳ ಮೇಲೆ. ಒಂದು ನಮ್ಮ ಬೀರುವಿನಲ್ಲಿದೆ, ಇನ್ನೊಂದು ಮೈಸೂರಿನಲ್ಲಿ ತಂಗಿ ಮನೆಯಲ್ಲಿದೆ. ಜೊತೆಗೆ 100 ಜಿಬಿಯ ಒಂದು ಸಣ್ಣ ಕ್ಲೌಡ್ ಪ್ಲಾನ್. ಇಷ್ಟೇ. ಯಾವುದು ಗೆದ್ದಿತು ಅಂತ ತಿಳಿಯಲು ಕೊನೆಯವರೆಗೆ ಓದಬೇಕಾಗಿಲ್ಲ. ಯಾಕೆ ಗೆದ್ದಿತು ಅನ್ನುವುದಷ್ಟೇ ಉಳಿದ ಕಥೆ.

ಉಳಿಸಿಕೊಳ್ಳಬೇಕಾದ್ದು ಏನೇನಿದೆ ಅಂತ ಹೇಳಿದರೆ ಲೆಕ್ಕ ಸುಲಭ. ಫೋಟೋ, ವಿಡಿಯೋ ಸೇರಿ ಒಂದು ಟಿಬಿ ಹತ್ತಿರ. ನಾನು ಮನೆಯಿಂದಲೇ ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಹಾಗಾಗಿ ಟ್ಯಾಲಿ ಡೇಟಾ ಮತ್ತು ಜಿಎಸ್‌ಟಿ ಫೈಲ್‌ಗಳು. ಅಪ್ಪ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು. ಗಾತ್ರದಲ್ಲಿ ಫೋಟೋ ದೊಡ್ಡದು, ಆದರೆ ನಾಳೆ ಬೆಳಿಗ್ಗೆ ಕೆಲಸ ನಿಲ್ಲಿಸುವುದು ಟ್ಯಾಲಿ. ಈ ಎರಡನ್ನೂ ಒಂದೇ ರೀತಿ ಕಾಪಾಡಬೇಕಾಗಿಲ್ಲ.

3-2-1 ಅನ್ನುವ ಸೂತ್ರ ನೀವು ಕೇಳಿರಬಹುದು. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಅದನ್ನು ಜನಪ್ರಿಯ ಮಾಡಿದರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಒಂದು ಪ್ರತಿಯೇ. ಬಹಳ ಜನ ಮೊದಲ ಎರಡನ್ನು ಮಾಡಿ ಮೂರನೆಯದನ್ನು ಬಿಡುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಎಷ್ಟೋ ಲೇಔಟ್‌ಗಳಿಗೆ ನೀರು ನುಗ್ಗಿತಲ್ಲ, ಆಗ ನೆಲಮಹಡಿಯಲ್ಲಿ ಪಕ್ಕಪಕ್ಕ ಇಟ್ಟ ಲ್ಯಾಪ್‌ಟಾಪ್, ಡಿಸ್ಕ್ ಎರಡೂ ಒಟ್ಟಿಗೇ ನೆನೆಯುತ್ತವೆ.

ಈಗ ನ್ಯಾಸ್. ಗೊತ್ತಿಲ್ಲದವರಿಗೆ: ಎರಡು ಹಾರ್ಡ್ ಡಿಸ್ಕ್ ಹಾಕಿ, ರೂಟರ್‌ಗೆ ಸಿಕ್ಕಿಸಿ, ದಿನವಿಡೀ ಆನ್ ಇಡುವ ಪೆಟ್ಟಿಗೆ. ಮನೆಯವರೆಲ್ಲರ ಫೋನ್‌ನಿಂದ ಫೋಟೋಗಳು ವೈಫೈ ಮೂಲಕ ತಾವಾಗಿಯೇ ಬಂದು ಕೂರುತ್ತವೆ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ. ನಿಜಕ್ಕೂ ಒಳ್ಳೆಯ ವಸ್ತು. ಕರೆಂಟ್ ಇರುವ ಊರಲ್ಲಿ.

ನಾವಿರುವುದು ಬೆಂಗಳೂರಿನ ಹೊರವಲಯದಲ್ಲಿ. ಏಪ್ರಿಲ್‌ನಲ್ಲಿ ಗಾಳಿ ಬೀಸಲು ಶುರುವಾದರೆ ಸಂಜೆ ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅಂದುಕೊಂಡೆ. ಆದರೆ ಇನ್ವರ್ಟರ್ ಲೈನ್ ಇರುವುದು ಫ್ಯಾನ್, ಲೈಟ್ ಮತ್ತು ರೂಟರ್ ಪಾಯಿಂಟ್‌ಗೆ ಮಾತ್ರ. ನ್ಯಾಸ್ ಕೂತಿದ್ದ ಟಿವಿ ಪಕ್ಕದ ಪ್ಲಗ್‌ಗೆ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆ ಕೊರೆದು ಲೈನ್ ಎಳೆದುಕೊಟ್ಟರು.

ಆಮೇಲೂ ಕರೆಂಟ್ ಹೋದಾಗಲೆಲ್ಲ ಪೆಟ್ಟಿಗೆ ಆಫ್ ಆಗಿ ಆನ್ ಆಗುತ್ತಿತ್ತು. ಫ್ಯಾನ್‌ಗೆ ಏನೂ ಆಗುತ್ತಿರಲಿಲ್ಲ, ಲೈಟ್ ಒಮ್ಮೆ ಮಿಣುಕುತ್ತಿತ್ತು ಅಷ್ಟೇ. ಕಾರಣ ಇನ್ವರ್ಟರ್‌ನಲ್ಲಿರುವ ಒಂದು ಪುಟ್ಟ ಸ್ವಿಚ್. ನಮ್ಮಲ್ಲಿ ಮಾರುವ ಎಷ್ಟೋ ಇನ್ವರ್ಟರ್‌ಗಳಲ್ಲಿ ಇದು ಇರುತ್ತದೆ: ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಮೋಡ್. ನಾರ್ಮಲ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವುದು ನಿಧಾನ. ಆ ಕ್ಷಣದೊಳಗೆ ಕಂಪ್ಯೂಟರ್, ನ್ಯಾಸ್ ಎಲ್ಲ ಸತ್ತು ಹುಟ್ಟುತ್ತವೆ.

ಸರಿ, ಯುಪಿಎಸ್ ಮೋಡ್‌ಗೆ ಹಾಕಿದೆ. ನ್ಯಾಸ್ ಗಟ್ಟಿಯಾಗಿ ನಿಂತಿತು. ಆದರೆ ರಾತ್ರಿ ಹೊಸ ತೊಂದರೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್‌ಗೆ ಚೊಕ್ಕ ವೋಲ್ಟೇಜ್ ಬೇಕು. ಸುಮಾರು 180ಕ್ಕಿಂತ ಕೆಳಗಿಳಿದರೆ ಅದು ಕರೆಂಟ್ ಇಲ್ಲವೆಂದೇ ತಿಳಿದು ಬ್ಯಾಟರಿಗೆ ಹೋಗುತ್ತದೆ. ನಮ್ಮ ಬೀದಿಯಲ್ಲಿ ಸಂಜೆ ಮೋಟಾರ್‌ಗಳು ಶುರುವಾದರೆ ವೋಲ್ಟೇಜ್ ಅಲ್ಲಿಗೇ ಇಳಿಯುತ್ತದೆ. ಕರೆಂಟ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಿತ್ತು. ಆಮೇಲೆ ನಿಜವಾಗಿ ಕರೆಂಟ್ ಹೋದಾಗ ಫ್ಯಾನ್ ನಿಲ್ಲುತ್ತಿತ್ತು. ಅತ್ತೆಯವರು ಒಂದು ರಾತ್ರಿ ಬೀಸಣಿಗೆ ಹಿಡಿದು ಕೂತು ಕೇಳಿದರು: "ಆ ಡಬ್ಬಿಗೋಸ್ಕರ ನಾವು ಬೆವರಬೇಕೇನಪ್ಪಾ?" ಸ್ವಿಚ್ ಮತ್ತೆ ನಾರ್ಮಲ್‌ಗೆ ಬಂತು.

ಸುಮ್ನೆ ಆಫ್ ಆಗಿ ಆನ್ ಆದರೆ ಏನಾಯಿತು ಅನ್ನಬಹುದು. ಎರಡು ಡಿಸ್ಕ್‌ನಲ್ಲಿ ಒಂದೇ ಡೇಟಾ ಬರೆಯುವ ವ್ಯವಸ್ಥೆ ಅರ್ಧಕ್ಕೆ ನಿಂತರೆ, ಮುಂದಿನ ಸಲ ಎದ್ದಾಗ ಎರಡೂ ಸಮವಾಗಿವೆಯಾ ಅಂತ ಮೊದಲಿಂದ ಕೊನೆಯವರೆಗೆ ಪರೀಕ್ಷೆ ಮಾಡಲು ಕೂರಬಹುದು. ನಮ್ಮದು ಹಾಗೇ ಮಾಡುತ್ತಿತ್ತು. 4 ಟಿಬಿ ಡಿಸ್ಕ್‌ಗೆ ಏಳೆಂಟು ಗಂಟೆ ಬೇಕು. ಅದು ಮುಗಿಯುವ ಮೊದಲೇ ಮತ್ತೆ ಕರೆಂಟ್ ಹೋಗುತ್ತಿತ್ತು. ಮೇ ತಿಂಗಳಿಡೀ ಅದು ನಮ್ಮ ಫೈಲ್ ಕಾಯುವುದಕ್ಕಿಂತ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡಿದ್ದೇ ಜಾಸ್ತಿ.

ಪರಿಹಾರ ಇದೆ. ನ್ಯಾಸ್‌ಗೇ ಒಂದು ಬೇರೆ ಯುಪಿಎಸ್. ಆದರೆ ಸಾಮಾನ್ಯ 600 ವಿಎ ಯುಪಿಎಸ್ ತಂದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದಾಗ "ಈಗ ಕ್ರಮವಾಗಿ ಮಲಗು" ಅಂತ ನ್ಯಾಸ್‌ಗೆ ಹೇಳಲು ಯುಎಸ್‌ಬಿ ಕೇಬಲ್ ಬೇಕು. ಬೀದಿ ಅಂಗಡಿಯಲ್ಲಿ ಸಿಗುವ ಅಗ್ಗದವಕ್ಕೆ ಆ ಪೋರ್ಟ್ ಇಲ್ಲ. ಪೋರ್ಟ್ ಇರುವುದನ್ನು ತರಿಸಿದೆ, ಕೆಲಸ ಮಾಡಿತು. ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಕರೆಂಟ್ ಹೋದರೆ ನಡುರಾತ್ರಿ ಬೀಪ್ ಬೀಪ್ ಅನ್ನುತ್ತದೆ. ಪೆಟ್ಟಿಗೆ, ಎರಡು ಡಿಸ್ಕ್, ಯುಪಿಎಸ್, ವೈರಿಂಗ್ ಎಲ್ಲ ಸೇರಿ 40 ಸಾವಿರ ದಾಟಿತು.

ಇಷ್ಟಾದ ಮೇಲೂ ನ್ಯಾಸ್ ಒಂದೇ ಬ್ಯಾಕಪ್ ಆಗುವುದಿಲ್ಲ. ನೀವು ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ, ಲ್ಯಾಪ್‌ಟಾಪ್‌ಗೆ ಕಾಣುವ ನ್ಯಾಸ್ ಫೋಲ್ಡರ್‌ಗಳಿಗೂ ಬೀಗ ಬೀಳುತ್ತದೆ. ಸ್ನ್ಯಾಪ್‌ಶಾಟ್, ಅಂದರೆ ಫೈಲ್‌ಗಳ ಹಿಂದಿನ ಸ್ಥಿತಿ, ಇಟ್ಟುಕೊಂಡರೆ ಸ್ವಲ್ಪ ಬಚಾವ್. ಆದರೂ ಬೆಂಕಿ, ನೀರು, ಕಳ್ಳತನಕ್ಕೆ ಹೊರಗೊಂದು ಪ್ರತಿ ಬೇಕೇ ಬೇಕು. ಅದಕ್ಕಾಗಿ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದೆ. ತಂದ ದಿನವೇ ಮನೆಯವಳು ಕೇಳಿದಳು: "ಎಲ್ಲಾ ಇದರಲ್ಲೇ ಹಿಡಿಸುತ್ತೆ ಅಂದ್ರೆ ಆ ಪೆಟ್ಟಿಗೆ ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಕ್ಲೌಡ್. ಸಣ್ಣ, ದಿನಾ ಬದಲಾಗುವ ಫೈಲ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಟ್ಯಾಲಿಯ ಬ್ಯಾಕಪ್ ಫೈಲ್ ಅನ್ನು ಸೆವೆನ್‌ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ದಿನಾ ಸಂಜೆ ಮೇಲೇರಿಸುತ್ತೇನೆ. ಗ್ರಾಹಕರ ಲೆಕ್ಕ, ತೆರೆದಿಡುವ ಹಾಗಿಲ್ಲ. ತಿಂಗಳಿಗೆ 130 ರೂಪಾಯಿ ನನಗೆ ಭಾರ ಅನ್ನಿಸಿಲ್ಲ.

ಒಂದು ಟಿಬಿ ಫೋಟೋಗಳನ್ನೂ ಅಲ್ಲೇ ಇಡೋಣ ಅಂದರೆ ಕಥೆ ಬೇರೆ. 40 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ 1 ಟಿಬಿ ಮೇಲೇರಲು 55 ಗಂಟೆ ಬೇಕು. ಅದು ಹೇಗೋ ಆಗುತ್ತದೆ ಬಿಡಿ. ವಾಪಸ್ ತರುವಾಗಲೇ ಗೋಳು. ಊರಲ್ಲಿ ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಲಾನ್ ಹಿಡಿದು ಕೂತರೆ 500 ದಿನ! ಜೊತೆಗೆ ನಾನು ಬಳಸುತ್ತಿದ್ದ ಸೇವೆಯಿಂದ ಎಲ್ಲ ಫೋಟೋ ಒಟ್ಟಿಗೆ ಇಳಿಸಿಕೊಂಡಾಗ ಹತ್ತಾರು ಜಿಪ್ ಫೈಲ್ ಬಂದವು. ಫೋಟೋ ಒಂದು ಕಡೆ, ಅದರ ತಾರೀಕಿನ ವಿವರ ಬೇರೊಂದು ಪುಟ್ಟ ಫೈಲ್‌ನಲ್ಲಿ. ವಾಟ್ಸಾಪ್‌ನಲ್ಲಿ ಬಂದ ಹಳೆಯ ಫೋಟೋಗಳೆಲ್ಲ ಇಳಿಸಿಕೊಂಡ ದಿನದ ತಾರೀಕು ಹೊತ್ತು ಕೂತಿದ್ದವು.

ಎರಡೂ ಕಡೆ ಒಂದೇ ರೀತಿ ಇಡುವ ಸಿಂಕ್ ಬೇರೆ, ಬ್ಯಾಕಪ್ ಬೇರೆ ಅನ್ನುವುದೂ ಇಲ್ಲಿ ಮುಖ್ಯ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಮೇಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಕ್ಲೌಡ್‌ನ ಫೈಲ್‌ಗಳು ಕೂರುವ ಡೇಟಾ ಸೆಂಟರ್ ಕೂಡ ಒಂದು ಕಟ್ಟಡವೇ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಡದ ಎಷ್ಟೋ ಗ್ರಾಹಕರ ಡೇಟಾ ವಾಪಸ್ ಬರಲೇ ಇಲ್ಲ.

ಫೋನ್ ಕಳೆದುಹೋದ ದಿನ ಕ್ಲೌಡ್‌ಗೆ ಹೇಗೆ ಹೋಗುತ್ತೀರಿ ಅಂತ ಒಮ್ಮೆ ಯೋಚಿಸಿ. ಪಾಸ್‌ವರ್ಡ್ ನೆನಪಿದ್ದರೂ ಒಟಿಪಿ ಬರುವುದು ಅದೇ ಫೋನ್‌ಗೆ. ಅದೇ ನಂಬರ್‌ಗೆ ಹೊಸ ಸಿಮ್ ತೆಗೆದುಕೊಂಡರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಮೋಸ ತಡೆಯಲು ಮಾಡಿದ ನಿಯಮ. ಹಾಗಾಗಿ ಒಟಿಪಿ ಬದಲು ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಪ್ರಿಂಟ್ ಹಾಕಿ ಮನೆ ಪತ್ರಗಳ ಜೊತೆ ಇಟ್ಟಿದ್ದೇನೆ.

ಪೆನ್‌ಡ್ರೈವ್: ಸಾಗಿಸಲು ಸರಿ, ಕಾಪಾಡಲು ಅಲ್ಲ. ಪೋರ್ಟಬಲ್ ಎಸ್‌ಎಸ್‌ಡಿ: ವೇಗ ಚೆನ್ನ, ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಬೀರುವಿನಲ್ಲಿ ಇಡುವ ವಸ್ತುವಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್: ಡಿಜಿಲಾಕರ್‌ನಲ್ಲಿವೆ, ತಲೆ ಕೆಡಿಸಿಕೊಂಡಿಲ್ಲ.

ಹಾರ್ಡ್ ಡಿಸ್ಕ್ ಜೋಡಿ ನನಗೆ ಒಗ್ಗಿದ್ದು ಅದರ ಬಡತನದಿಂದಲೇ. ಅದಕ್ಕೆ ಇಂಟರ್ನೆಟ್ ಬೇಡ, ಯುಪಿಎಸ್ ಬೇಡ, ಪಾಸ್‌ವರ್ಡ್ ಬೇಡ. ನಾನಿಲ್ಲದಿದ್ದರೂ ಮನೆಯವಳು ಯಾವ ಕಂಪ್ಯೂಟರ್‌ಗೆ ಬೇಕಾದರೂ ಚುಚ್ಚಿ ಫೋಟೋ ನೋಡಬಹುದು. ಎರಡು 2 ಟಿಬಿ ಡಿಸ್ಕ್‌ಗೆ ನನಗೆ ಆದದ್ದು 12 ಸಾವಿರದ ಹತ್ತಿರ. ಫೋಟೋಗಳನ್ನು ಬೇಕೆಂದೇ ಬೀಗ ಹಾಕದೆ ಇಟ್ಟಿದ್ದೇನೆ. ಟ್ಯಾಲಿ ಮಾತ್ರ ಪಾಸ್‌ವರ್ಡ್ ಒಳಗೆ.

ಇದರ ದೊಡ್ಡ ಕೊರತೆ ಅಂದರೆ ಮರೆವು. ತಾನಾಗಿ ಏನೂ ಆಗುವುದಿಲ್ಲ. ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿದರೆ ನಾನು ಒರೆಸಿ ಮುಂದೆ ಹೋಗುವ ಜಾತಿ. ಹಾಗಾಗಿ ಅಮಾವಾಸ್ಯೆಗೆ ಕಟ್ಟಿಹಾಕಿದೆ. ಅವತ್ತು ಹೇಗಿದ್ದರೂ ಗಾಡಿ ತೊಳೆದು ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇನೆ. ಗಾಡಿ ಒಣಗುವಷ್ಟರಲ್ಲಿ ಫ್ರೀಫೈಲ್‌ಸಿಂಕ್ ಅನ್ನುವ ತಂತ್ರಾಂಶ ಹೊಸ ಫೈಲ್‌ಗಳನ್ನು ಡಿಸ್ಕ್‌ಗೆ ಹಾಕಿ ಮುಗಿಸುತ್ತದೆ. ಅದರಲ್ಲಿ 'ಮಿರರ್' ಬದಲು 'ಅಪ್‌ಡೇಟ್' ಆಯ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಡಿಸ್ಕ್‌ನಿಂದಲೂ ಹೋಗುತ್ತದೆ. ಬದಲಾದ ಫೈಲ್‌ನ ಹಳೆಯ ಪ್ರತಿ ಉಳಿಸುವ ವರ್ಷನಿಂಗ್ ಕೂಡ ಆನ್ ಮಾಡಿ. ಕೆಲಸ ಮುಗಿದ ತಕ್ಷಣ ಡಿಸ್ಕ್ ಕಿತ್ತಿಡಬೇಕು. ಚುಚ್ಚಿಟ್ಟ ಡಿಸ್ಕ್ ರಾನ್ಸಮ್‌ವೇರ್‌ಗೆ ಸಿಗುತ್ತದೆ, ಬೀರುವಿನಲ್ಲಿರುವುದು ಸಿಗುವುದಿಲ್ಲ.

ತಂಗಿ ಮನೆಯ ಡಿಸ್ಕ್ ಹಬ್ಬಗಳಲ್ಲಿ ಅದಲುಬದಲು ಆಗುತ್ತದೆ. ಯುಗಾದಿ, ಗೌರಿ ಹಬ್ಬ, ದೀಪಾವಳಿ. ಬಾಗಿನದ ಜೊತೆ ಡಿಸ್ಕ್ ಬರುವುದು ನೋಡಿ ಭಾವ ನಗುತ್ತಾರೆ. ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೊಡುತ್ತೇನೆ. ನೀವು ಮಲೆನಾಡು, ಕರಾವಳಿ ಕಡೆಯವರಾದರೆ ಅದು ಇನ್ನೂ ಮುಖ್ಯ.

ಸಣ್ಣ ಕಿರಿಕಿರಿಗಳು: ಮೊದಲ ಸಲದ ಕಾಪಿ ತುಂಬಾ ನಿಧಾನ, ರಾತ್ರಿ ಬಿಟ್ಟು ಮಲಗಿ. ಅಗಲ ಬಾಯಿಯ ಹಳೆಯ ಬಗೆಯ ಕೇಬಲ್ ಸಡಿಲವಾಗುತ್ತದೆ. ಓಡುತ್ತಿರುವಾಗ ಎತ್ತಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ತಂತ್ರಾಂಶದಲ್ಲಿ ಆಗಾಗ ಡಿಸ್ಕ್‌ನ ಆರೋಗ್ಯ ನೋಡಿ.

ಇದೆಲ್ಲದರ ಪರೀಕ್ಷೆ ಈ ಮಳೆಗಾಲದಲ್ಲಿ ಆಯಿತು. ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ಹೋಯಿತು. ಹೊಸದು ಬಂದ ಸಂಜೆ ಕ್ಲೌಡ್‌ನಿಂದ ಟ್ಯಾಲಿ ಇಳಿಸಿ ಲೆಕ್ಕ ಶುರು ಮಾಡಿದೆ. ಫೋಟೋಗಳು ಡಿಸ್ಕ್‌ನಿಂದ ರಾತ್ರಿ ಇಡೀ ಇಳಿದವು. ಅಮಾವಾಸ್ಯೆ ಆದ ಮೇಲಿನ ಕೆಲವು ಫೈಲ್‌ಗಳು ಹಳೆಯ ಎಸ್‌ಎಸ್‌ಡಿಯಲ್ಲೇ ಇದ್ದವು. ಅದನ್ನು ಬಿಚ್ಚಿ ಕೇಸ್‌ಗೆ ಹಾಕಿ ಚುಚ್ಚಿದರೆ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ, 48 ಅಂಕಿಯ ಕೀ ಕೇಳಿತು. ಈಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ನಾವು ಹೇಳದೆಯೇ ಇದು ಆನ್ ಆಗಿರುತ್ತದೆ. ಕೀ ನಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿತ್ತು, ಸಿಕ್ಕಿತು. ನಿಮ್ಮದು ಎಲ್ಲಿದೆ ಅಂತ ಇವತ್ತೇ ನೋಡಿಡಿ. ಅಪ್ಪನ ಬರಹಗಳು ಹಳೆಯ ನುಡಿಯವು, ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಯಾವುದೋ ಯುರೋಪಿನ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಟ್ಟಿದ್ದರಿಂದ ಐದು ನಿಮಿಷದ ಕೆಲಸವಾಯಿತು.

ವಾಪಸ್ ತಂದು ನೋಡದ ಬ್ಯಾಕಪ್ ಅನ್ನು ದೊಡ್ಡವರೂ ನಂಬಿ ಕೆಟ್ಟಿದ್ದಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ಅಳಿಸಿಹೋದಾಗ, ಅವರ ಐದು ಬಗೆಯ ಬ್ಯಾಕಪ್‌ಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಎಂಜಿನಿಯರ್ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಪ್ರತಿಯಿಂದ ಬಚಾವಾದರು. ನಾನು ಹಬ್ಬಕ್ಕೆ ಡಿಸ್ಕ್ ಬದಲಿಸುವಾಗ ಯಾವುದಾದರೂ ಎರಡು ಫೋಲ್ಡರ್ ತಂಗಿಯ ಕಂಪ್ಯೂಟರ್‌ನಲ್ಲಿ ತೆರೆದು ನೋಡುತ್ತೇನೆ.

ಮದುವೆ ವಿಡಿಯೋ ಮಾಡುವವರಿಗೆ, ಮನೆ ತುಂಬ ಫೋನ್ ಇರುವವರಿಗೆ, ಕರೆಂಟ್ ಸ್ಥಿರವಾಗಿರುವವರಿಗೆ ನ್ಯಾಸ್ ಸರಿ. ವಿದೇಶದಲ್ಲಿದ್ದು ಊರಿನ ಅಪ್ಪ ಅಮ್ಮನ ಫೋನ್ ನೋಡಿಕೊಳ್ಳುವವರಿಗೆ ಕ್ಲೌಡ್ ಬಿಟ್ಟು ಬೇರೆ ದಾರಿ ಕಷ್ಟ. ನನ್ನ ಜೇಬಿಗೂ ಅಮಾವಾಸ್ಯೆಗೂ ಡಿಸ್ಕ್ ಜೋಡಿಯೇ.

ಮೈಸೂರಿನ ಡಿಸ್ಕ್‌ಗೆ ನಾಲ್ಕು ವರ್ಷ ಆಗುತ್ತಾ ಬಂತು, ದೀಪಾವಳಿಗೆ ಬದಲಿಸಬೇಕು. ಈ ಸಲ ಬೇರೆ ಕಂಪನಿಯದು, ಎರಡೂ ಒಂದೇ ಕಾರಣಕ್ಕೆ ಒಟ್ಟಿಗೆ ಕೈಕೊಡಬಾರದಲ್ವಾ. 2 ಟಿಬಿ ಸಾಕಾ, 4 ಬೇಕಾ ಅನ್ನುವ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮಗಳ ಭರತನಾಟ್ಯದ ವಿಡಿಯೋಗಳು ಇದೇ ವೇಗದಲ್ಲಿ ಬರುತ್ತಿದ್ದರೆ 4 ಟಿಬಿಯೇ ಗತಿ.